ಹರಾಜಿನ ಪೊಲೀಸ್ ಕಾರು: ಮೈಲಿಯ ಜೊತೆಗೆ ಗಂಟೆಯನ್ನೂ ನೋಡಿ

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿದ್ದು, ದಿನವೂ ಕೆಲಸಕ್ಕೆ ಹೋಗಿಬರಲು ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಪೊಲೀಸ್ ಇಲಾಖೆಯೊಂದು ಬಳಕೆಯಿಂದ ಕೈಬಿಟ್ಟ 2008ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಪೊಲೀಸ್ ಇಂಟರ್‌ಸೆಪ್ಟರ್ ಹರಾಜಿಗೆ ಬಂದಿದೆ. ಓಡೋಮೀಟರ್ 1,40,000 ಮೈಲಿ ತೋರಿಸುತ್ತದೆ. ಎಂಜಿನ್ ಓಡಿದ ಗಂಟೆಗಳು 7,000. ಇದರಲ್ಲಿ ಇನ್ನೆಷ್ಟು ಆಯುಸ್ಸು ಉಳಿದಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ನೀವು ಗಂಟೆಗಳ ಲೆಕ್ಕವನ್ನೂ ಬರೆದು ಕಳಿಸಿರುವುದು ಒಳ್ಳೆಯದಾಯಿತು, ಏಕೆಂದರೆ ಪೊಲೀಸ್ ಕಾರಿನ ವಿಷಯದಲ್ಲಿ ಮೈಲಿಯ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. 1,40,000 ಮೈಲಿಯನ್ನು 7,000 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 20 ಮೈಲಿಯ ಸರಾಸರಿ ಬರುತ್ತದೆ. ಚಲಿಸುತ್ತಿದ್ದಾಗ ಕಾರು ಸರಾಸರಿ 35 ಮೈಲಿ ವೇಗದಲ್ಲಿತ್ತೆಂದು ಇಟ್ಟುಕೊಂಡರೆ ಅದು ಓಡಿದ್ದು 4,000 ಗಂಟೆ; ಉಳಿದ 3,000 ಗಂಟೆ ರಸ್ತೆಬದಿಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಹೀಗೆ ನಿಂತಲ್ಲೇ ಎಂಜಿನ್ ಓಡಿದ ಒಂದು ಗಂಟೆಯನ್ನು ಸುಮಾರು 33 ಮೈಲಿ ಓಟಕ್ಕೆ ಸಮವೆಂದು ಫೋರ್ಡ್ ಎಣಿಸುತ್ತದೆ. ಆ ಲೆಕ್ಕದಲ್ಲಿ 99,000 ಮೈಲಿ ಸೇರಿ, ಎಂಜಿನ್ನಿನ ಮಟ್ಟಿಗೆ ಇದು 2,39,000 ಮೈಲಿ ಓಡಿದ ಕಾರು.

ಆದರೆ ಆ ಅಂಕಿಯನ್ನು ನೋಡಿ ಹೆದರಬೇಕಾಗಿಲ್ಲ. 33 ಮೈಲಿಯ ಸೂತ್ರ ಮುಖ್ಯವಾಗಿ ಆಯಿಲ್ ಬದಲಿಸುವ ಅವಧಿಯನ್ನು ನಿರ್ಧರಿಸಲು ಉಪಯುಕ್ತವೇ ಹೊರತು, ಪ್ರತಿಯೊಂದು ಭಾಗದ ಸವೆತವನ್ನೂ ಅಳೆಯುವಂಥದ್ದಲ್ಲ. ಎಂಜಿನ್ನಿಗೆ ಹೆಚ್ಚು ಪೆಟ್ಟು ಬೀಳುವುದು ತಣ್ಣಗಿದ್ದಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದರಿಂದ. ಗಸ್ತಿನ ಕಾರಿನ ಎಂಜಿನ್ ಪಾಳಿಯುದ್ದಕ್ಕೂ ಬಿಸಿಯಾಗಿಯೇ ಇರುತ್ತದೆ. ಕ್ರೌನ್ ವಿಕ್ಟೋರಿಯಾದ 4.6 ಲೀಟರಿನ ವಿ8 ಎಂಜಿನ್ ದೀರ್ಘ ಬಾಳಿಕೆಗೆ ಹೆಸರಾದದ್ದು. ಅದರ ವಾಲ್ವುಗಳನ್ನು ಸಕಾಲಕ್ಕೆ ತೆರೆದು ಮುಚ್ಚಿಸುವುದು ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಎಂಬ ಲೋಹದ ಸರಪಳಿ; ಆದ್ದರಿಂದ ಇಂತಿಷ್ಟು ಮೈಲಿಗೊಮ್ಮೆ ಬೆಲ್ಟ್ ಬದಲಿಸುವ ಖರ್ಚೂ ಇಲ್ಲ. ನಿಂತು ಓಡಿದ ಗಂಟೆಗಳ ನಿಜವಾದ ಹೊಡೆತ ಬೀಳುವುದು ಬಾನೆಟ್ಟಿನಡಿಯ ಶಾಖದಲ್ಲಿ ಬೆಂದ ರಬ್ಬರ್ ಹೋಸುಗಳಿಗೆ, ಆಲ್ಟರ್ನೇಟರಿಗೆ, ರೇಡಿಯೇಟರ್ ಫ್ಯಾನಿಗೆ.

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗುವುದು ಮೇಲು. ಸ್ಟಾರ್ಟ್ ಆದ ಕ್ಷಣ ನೀಲಿ ಹೊಗೆ ಬಂದು ಮಾಯವಾದರೆ ವಾಲ್ವ್ ಸೀಲುಗಳು ಸವೆದಿರಬಹುದು, ಅದನ್ನು ಸಹಿಸಿಕೊಳ್ಳಬಹುದು. ಎಂಜಿನ್ನಿನ ಮುಂಭಾಗದಿಂದ ಕಟಕಟ ಸದ್ದು ಎಡೆಬಿಡದೆ ಬಂದರೆ ಟೈಮಿಂಗ್ ಚೈನನ್ನು ದಾರಿಯಲ್ಲಿ ಹಿಡಿದಿಡುವ ಗೈಡುಗಳು ಸವೆದಿರುವ ಸಂಭವವಿದೆ, ಅದು ದೊಡ್ಡ ಕೆಲಸ. ಮೆಕ್ಯಾನಿಕ್ಕಿನಿಂದ ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವುದು) ಮಾಡಿಸಿ, ಎಂಟು ಸಿಲಿಂಡರುಗಳಲ್ಲಿ ಅತಿ ಕಡಿಮೆ ಒತ್ತಡವು ಅತಿ ಹೆಚ್ಚಿನ ಒತ್ತಡದ ಶೇಕಡಾ 75ಕ್ಕಿಂತ ಕೆಳಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಎಂಜಿನ್ನಿಗಿಂತ ಹೆಚ್ಚು ಶಂಕಿಸಬೇಕಾದದ್ದು ಆಟೋಮ್ಯಾಟಿಕ್ ಗಿಯರ್‌ಬಾಕ್ಸನ್ನು. ನಿಂತಲ್ಲಿಂದ ಒಮ್ಮೆಲೇ ಪೂರ್ಣ ವೇಗಕ್ಕೆ ಏರುವ ಓಟಗಳ ಭಾರವನ್ನೆಲ್ಲ ಹೊತ್ತದ್ದು ಅದೇ. ಹಗುರವಾಗಿ ಆಕ್ಸಿಲರೇಟರ್ ಒತ್ತಿ 40ರಿಂದ 50 ಮೈಲಿ ವೇಗದಲ್ಲಿ ಸಾಗುತ್ತಿರುವಾಗ, ಸಾಲು ಉಬ್ಬುಗಳ ಮೇಲೆ ಹೋದಂತೆ ಕಾರು ನಡುಗಿದರೆ ಎಂಜಿನ್ನಿನ ಶಕ್ತಿಯನ್ನು ಗಿಯರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಕ್ಲಚ್ ದಣಿದಿರಬಹುದು. ಗಿಯರ್‌ಬಾಕ್ಸಿನ ದ್ರವ ಹಳತಾಗಿದ್ದರೂ ಹೀಗಾಗುವುದುಂಟು, ಆದ್ದರಿಂದ ಅದರ ಡಿಪ್‌ಸ್ಟಿಕ್ (ದ್ರವ ಅಳೆಯುವ ಕಡ್ಡಿ) ತೆಗೆದು ನೋಡಿ; ದ್ರವ ಕಪ್ಪಗಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಗಿಯರ್‌ಬಾಕ್ಸ್ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಹರಾಜು ಕೂಗಬೇಕು.

ಇನ್ನು ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡದೆ ಹಣ ಕೊಡಬೇಡಿ. ಫುಟ್‌ಪಾತಿನ ಅಂಚಿಗೆ ಹತ್ತಿ ಇಳಿದ ಕಾರುಗಳಲ್ಲಿ ಬಾಲ್ ಜಾಯಿಂಟುಗಳು, ಬುಷ್‌ಗಳು, ಶಾಕ್‌ಗಳು ಮುಂತಾದ ಸಸ್ಪೆನ್ಷನ್ ಭಾಗಗಳು ಸವೆದಿರುವುದು ಸಾಮಾನ್ಯ. ಅವೆಲ್ಲ ಬದಲಿಸಬಹುದಾದ ಭಾಗಗಳು. ಬದಲಿಸಲಾಗದ್ದು ಚಾಸಿ, ಅಂದರೆ ಕಾರಿನ ಅಡಿಯ ಚೌಕಟ್ಟು. ಈ ಕಾರಿನದು ಗಟ್ಟಿ ಚಾಸಿಯ ಮೇಲೆ ಬಾಡಿ ಕೂರಿಸಿದ ರಚನೆಯಾಗಿರುವುದರಿಂದ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಓಡಿದ್ದರೆ ಚಾಸಿಯ ತುಕ್ಕೇ ಅದರ ಆಯುಸ್ಸನ್ನು ತೀರ್ಮಾನಿಸುತ್ತದೆ. ಅಂಥ ರಾಜ್ಯಗಳ 2005ರಿಂದ 2011ರವರೆಗಿನ ಕ್ರೌನ್ ವಿಕ್ಟೋರಿಯಾಗಳನ್ನು, ಸ್ಟೀರಿಂಗಿನ ಕೆಳ ಶಾಫ್ಟಿಗೆ ತುಕ್ಕು ಹಿಡಿಯುವ ಅಪಾಯಕ್ಕಾಗಿ ಫೋರ್ಡ್ 2013ರಲ್ಲಿ ವಾಪಸು ಕರೆಸಿಕೊಂಡಿತ್ತು. ನೀವು ನೋಡಿರುವ ಕಾರಿಗೆ ಆ ದುರಸ್ತಿ ಆಗಿದೆಯೇ ಎಂಬುದನ್ನು ಅದರ ವಿಐಎನ್ (ಪ್ರತಿ ವಾಹನಕ್ಕೂ ಇರುವ ಗುರುತಿನ ಸಂಖ್ಯೆ) ಕೊಟ್ಟು ಫೋರ್ಡ್ ಡೀಲರ್ ಬಳಿ ವಿಚಾರಿಸಿ. ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ, ದಯವಿಟ್ಟು ಮುಂದೂಡಬೇಡಿ.

ದೀಪ, ಸೈರನ್, ರೇಡಿಯೋ ಕಿತ್ತಾಗ ವೈರುಗಳನ್ನು ಹೇಗೆ ಕತ್ತರಿಸಿದ್ದಾರೆಂದು ಡ್ಯಾಶ್‌ಬೋರ್ಡಿನ ಕೆಳಗೂ ಡಿಕ್ಕಿಯಲ್ಲೂ ನೋಡಿ. ರಾತ್ರಿ ಕಳೆಯುವುದರೊಳಗೆ ಬ್ಯಾಟರಿ ಖಾಲಿಯಾಗುವ ತೊಂದರೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಇಲಾಖೆಯ ಸರ್ವಿಸ್ ದಾಖಲೆ ಸಿಕ್ಕರೆ ಬಿಡಬೇಡಿ. ಕಾರು ಗಸ್ತಿನದೋ, ಮೇಲಧಿಕಾರಿಯ ಓಡಾಟಕ್ಕೆ ಕೊಟ್ಟಿದ್ದೋ ಎಂಬುದನ್ನೂ ಕೇಳಿ.

ನಿಮ್ಮ ಕಾರಿನ ಕಂಪ್ರೆಷನ್ ಸಮನಾಗಿದ್ದು, ಗಿಯರ್‌ಬಾಕ್ಸ್ ನಡುಗದೆ, ಚಾಸಿ ತುಕ್ಕಿಲ್ಲದೆ ಇದ್ದರೆ, ಸಸ್ಪೆನ್ಷನ್ ಮತ್ತು ಹೋಸುಗಳ ಖರ್ಚಿಗೆ ಹಣ ತೆಗೆದಿಟ್ಟುಕೊಂಡು ಧೈರ್ಯವಾಗಿ ಕೊಳ್ಳಿ. ಕೆಲಸಕ್ಕೆ ಹೋಗಿಬರುವ ಓಡಾಟದಲ್ಲಿ ಅದು ಇನ್ನೂ ಹಲವು ವರ್ಷ ನಡೆದೀತು. ಚಾಸಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಪದರ ಪದರವಾಗಿ ತುಕ್ಕು ಉದುರಿದರೆ ಮಾತ್ರ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಕಾರನ್ನು ಬಿಟ್ಟುಬಿಡಿ.