ಸಾವಯವ ಕಾಳೊಂದೇ ಕೋಳಿಗೆ ಸಾಕೇ?

ಪ್ರಶ್ನೆ: ಹಿತ್ತಲಿನಲ್ಲಿ ಆರು ಹೇಂಟೆಗಳನ್ನು ಸಾಕಿದ್ದೇವೆ. ರಾಸಾಯನಿಕದ ಸೋಂಕಿಲ್ಲದ ಮೊಟ್ಟೆ ಬೇಕೆಂದು ಎರಡು ತಿಂಗಳಿನಿಂದ ಸಿದ್ಧ ಆಹಾರವನ್ನು ಬಿಟ್ಟು, ಮೆಕ್ಕೆಜೋಳದ ನುಚ್ಚು, ಗೋಧಿ ಮತ್ತು ಬಾರ್ಲಿ ಬೆರೆತ ಸಾವಯವ ಕಾಳನ್ನಷ್ಟೇ ಚೆಲ್ಲುತ್ತಿದ್ದೇವೆ. ಆಸೆಯಿಂದ ತಿನ್ನುತ್ತವೆ, ಆದರೆ ಮೊಟ್ಟೆಗಳು ಕಡಿಮೆಯಾಗಿವೆ. ಸಿಕ್ಕವೂ ಎತ್ತಿಕೊಳ್ಳುವಾಗಲೇ ಒಡೆಯುತ್ತವೆ. ಕಾಳಿನಲ್ಲಿ ದೋಷವಿದೆಯೇ?

ಉತ್ತರ: ನಿಮ್ಮ ಕಾಳು ಒಳ್ಳೆಯದೇ ಇರಬಹುದು, ಅದೊಂದನ್ನೇ ಕೊಡುತ್ತಿರುವುದು ತೊಂದರೆಗೆ ಕಾರಣವೆಂದು ತೋರುತ್ತದೆ. ಸಾವಯವ ಎಂಬ ಮಾತು ಕಾಳನ್ನು ಹೇಗೆ ಬೆಳೆದರು ಎಂಬುದನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಕೋಳಿಗೆ ಬೇಕಾದುದೆಲ್ಲ ಇದೆ ಎಂದು ಹೇಳುವುದಿಲ್ಲ. ಮೊಟ್ಟೆಯಿಡುವ ಹೇಂಟೆಯ ಆಹಾರದಲ್ಲಿ ಶೇ 16ರಷ್ಟು ಪ್ರೋಟೀನ್ ಇರಬೇಕು; ಇಂಥ ಮಿಶ್ರಣದಲ್ಲಿ ಸಾಮಾನ್ಯವಾಗಿ ಶೇ 8ರಿಂದ 10ರಷ್ಟೇ ಇರುತ್ತದೆ, ಅದರಲ್ಲೂ ಪ್ರೋಟೀನಿನ ಅಗತ್ಯ ಘಟಕಗಳಾದ ಲೈಸಿನ್, ಮೆಥಿಯೋನಿನ್‌ಗಳ ಕೊರತೆ ಎದ್ದು ಕಾಣುತ್ತದೆ. ಸುಣ್ಣದ ಅಂಶದ ಕೊರತೆ ಇನ್ನೂ ದೊಡ್ಡದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಹೇಂಟೆ ತನ್ನ ಮೂಳೆಯಿಂದಲೇ ಅದನ್ನು ಕಿತ್ತು ಕೊಡುತ್ತದೆ, ಅದೂ ಸಾಲದಾದಾಗ ಬೆರಳು ತಾಗಿದರೆ ಬಿರಿಯುವಂಥ ಚಿಪ್ಪು ಬರುತ್ತದೆ.

ಆಸೆಯಿಂದ ತಿನ್ನುವುದನ್ನು ನಂಬಬೇಡಿ. ಕಾಳು ಚೆಲ್ಲಿದ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿದರೆ, ಮೊದಲು ಹಳದಿ ಜೋಳದ ಚೂರುಗಳು ಮಾಯವಾಗಿ ಬಾರ್ಲಿ ನೆಲದಲ್ಲೇ ಉಳಿಯುವುದು ಕಾಣುತ್ತದೆ. ಹೀಗೆ ಪಿಷ್ಟವನ್ನೇ ಆರಿಸಿ ತಿಂದ ಕೋಳಿಯಲ್ಲಿ ಕೊಬ್ಬು ಬೆಳೆದು ಯಕೃತ್ತಿಗೂ ಕೇಡಾಗುತ್ತದೆ.

ಮೊಟ್ಟೆಕೋಳಿಯ ಸಮತೋಲಿತ ಆಹಾರವನ್ನು ಮತ್ತೆ ಆರಂಭಿಸಿ. ಅದೂ ಸಾವಯವವಾಗಿಯೇ ಸಿಗುತ್ತದೆ, ಆದ್ದರಿಂದ ನಿಮ್ಮ ಸಂಕಲ್ಪವನ್ನು ಬಿಡಬೇಕಾಗಿಲ್ಲ. ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ. ಕಾಳು ದಿನದ ಆಹಾರದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ: ಒಂದು ಹೇಂಟೆ ದಿನಕ್ಕೆ 100ರಿಂದ 120 ಗ್ರಾಂ ತಿನ್ನುವುದರಿಂದ, ಆರಕ್ಕೂ ಸೇರಿ 60–70 ಗ್ರಾಂ, ಅಂದರೆ ಒಂದು ದೊಡ್ಡ ಹಿಡಿ. ಅದನ್ನು ಬೆಳಿಗ್ಗೆ ಕೊಡದೆ, ಹೊಟ್ಟೆ ತುಂಬಿದ ಮೇಲೆ ಸಂಜೆ ಗೂಡಿನ ಹಾಸಿನ ಮೇಲೆ ಚೆಲ್ಲಿದರೆ ಕೋಳಿಗಳು ಕೆದಕಿ ಕೆದಕಿ ಹಾಸನ್ನು ಮಗುಚುತ್ತವೆ, ಅದು ಗಾಳಿಯಾಡಿ ಒಣಗುತ್ತದೆ. ಕಾಳಿನ ನಿಜವಾದ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಸುಣ್ಣದ ಅಂಶಕ್ಕಾಗಿ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಹಲ್ಲಿಲ್ಲದ ಹಕ್ಕಿ ಕಾಳನ್ನು ಅರೆಯಲು ಗಟ್ಟಿ ಕಲ್ಲಿನ ಸಣ್ಣ ಹರಳುಗಳೂ ಬೇಕು. ಚಿಪ್ಪು ಹೊಟ್ಟೆಯಲ್ಲಿ ಕರಗಿಹೋಗುವುದರಿಂದ ಆ ಕೆಲಸಕ್ಕೆ ಒದಗುವುದಿಲ್ಲ. ಗರಿಯೂ ಉದುರುತ್ತಿದ್ದರೆ ಮೊಟ್ಟೆ ಕಡಿಮೆಯಾಗಲು ಅದೂ ಒಂದು ಕಾರಣ. ಹೊಸ ಗರಿ ಬರುವವರೆಗೆ ಕಾಯಬೇಕು.

ಪ್ರಶ್ನೆ: ಚೀಲದ ತಳದ ಕಾಳಿಗೆ ತೇವ ತಗಲಿ ಬೂಷ್ಟು ಬಂದಿದೆ. ತೊಳೆದು ಒಣಗಿಸಿ ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಬೂಷ್ಟು ಕಾಳಿನೊಳಗೆ ಬಿಡುವ ಅಫ್ಲಾಟಾಕ್ಸಿನ್‌ನಂಥ ವಿಷ ತೊಳೆದರೂ ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತನ್ನು ಹಾಳುಮಾಡುತ್ತದೆ. ಸಾವಯವ ಕಾಳಿಗೂ ಇದು ಹೊರತಲ್ಲ. ಮೇಲಿನ ಕಾಳು ಚೆನ್ನಾಗಿ ಕಂಡರೂ ಇಡೀ ಚೀಲವನ್ನೇ ಕೋಳಿಗಳಿಗೆ ಸಿಗದಂತೆ ಹೂತುಬಿಡಿ. ಮುಂದೆ ಕೆಲವೇ ವಾರಗಳಿಗಾಗುವಷ್ಟು ತಂದು, ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ನೆಲಕ್ಕೆ ತಾಗದಂತೆ ಇಡಿ.