ದಾವಣಗೆರೆಯ ಬಾಲ್ಕನಿಯಲ್ಲಿ ಸೋಲಾರ್ ಪ್ಯಾನೆಲ್: ನೇರವಾಗಿ ಸಾಕೆಟ್‌ಗೆ ಜೋಡಿಸಬಹುದೇ?

ಬಾಲ್ಕನಿಯ ಸಣ್ಣ ಪ್ಯಾನೆಲ್‌ನ ಪ್ಲಗ್ಗನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಜರ್ಮನಿಯಲ್ಲಿ 800 ವಾಟ್‌ವರೆಗಿನ ಇನ್ವರ್ಟರಿಗೆ (ಫಲಕದ ವಿದ್ಯುತ್ತನ್ನು ಮನೆಯ ಎಸಿ ವಿದ್ಯುತ್ತಾಗಿಸುವ ಸಾಧನ) ಈ ಅವಕಾಶವಿದೆಯಾದರೂ, ನಮ್ಮಲ್ಲಿ ಹೀಗೆ ಬೆಸ್ಕಾಂ ಜಾಲಕ್ಕೆ ಸೇರುವ ಸೌರ ಘಟಕಕ್ಕೆ ಬೆಸ್ಕಾಂನ ಅನುಮತಿಯೂ, ಒಳಬಂದ ಮತ್ತು ಹೊರಹೋದ ವಿದ್ಯುತ್ತನ್ನು ಪ್ರತ್ಯೇಕವಾಗಿ ಅಳೆಯುವ ಮೀಟರೂ ಬೇಕು. ಸಾಮಾನ್ಯ ಮೀಟರುಗಳಲ್ಲಿ ಕೆಲವು, ಹೊರಹೋದ ವಿದ್ಯುತ್ತನ್ನೂ ಬಳಕೆಯೆಂದೇ ಲೆಕ್ಕ ಹಾಕುತ್ತವೆ. ಬ್ಯಾಟರಿಗೆ ಮಾತ್ರ ಜೋಡಿಸಿ ದೀಪ, ಫ್ಯಾನ್ ನಡೆಸುವುದಾದರೆ ಈ ತೊಡಕಿಲ್ಲ. ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ಆದರೂ ದಾವಣಗೆರೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್‌ನ ಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲಿದ್ದು, ಬಾಲ್ಕನಿಯ ಕಂಬಿಗೆ ನೆಟ್ಟಗೆ ಕಟ್ಟಿದ ಫಲಕಕ್ಕೆ ನೇರ ಬಿಸಿಲು ಬಹಳ ಕಡಿಮೆ ಸಿಗುತ್ತದೆ. ತಾರಸಿ ನಿಮ್ಮದೇ ಆಗಿದ್ದರೆ ಅದೇ ಮೇಲು: ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್ ಘಟಕಕ್ಕೆ 30,000 ರೂಪಾಯಿ ಸಹಾಯಧನವಿದೆ.