ಪ್ರತಿಕ್ರಿಯೆ: ಮನೆಯವರಿಗೆ ಕಡಲಾಳವನ್ನು ಹೇಳುವ ಬಗೆ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ (ಉಸಿರಾಟದ ಸಿಲಿಂಡರ್ ಹೊತ್ತು ಕಡಲಲ್ಲಿ ಮುಳುಗುವುದು) ಮಾಡಿ ಹಿರಿಯೂರಿಗೆ ಮರಳಿದ ನಿಮ್ಮ ಮಾತನ್ನು ಮನೆಯವರು ಎರಡು ನಿಮಿಷವೂ ಕೇಳುವುದಿಲ್ಲವೆಂದು ಬರೆದಿದ್ದೀರಿ. ಚಿತ್ರದುರ್ಗದಲ್ಲಿರುವ ನಾನೂ ಈ ಬೇಸರವನ್ನು ಅನುಭವಿಸಿದವನು.

ಮೀನುಗಳ ಹೆಸರು, ಉಪಕರಣಗಳ ವಿವರ, ನೂರಾರು ಫೋಟೊಗಳು, ಇವನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು ಅವರಿಗೆ ಗೊತ್ತಿರುವ ನೀರಿನಿಂದ ಆರಂಭಿಸಿ. ವಾಣಿವಿಲಾಸ ಸಾಗರ ಜಲಾಶಯದ ಪೂರ್ಣ ಮಟ್ಟ 130 ಅಡಿ ಎಂಬುದು ನಿಮ್ಮೂರಿನಲ್ಲಿ ಯಾರಿಗೆ ತಿಳಿಯದು? 1933ರ ನಂತರ 2022ರಲ್ಲಿ ಅದು ಮತ್ತೆ ಕೋಡಿ ಹರಿದದ್ದನ್ನು ಅವರೇ ಕಂಡಿರಬಹುದು. ಹವ್ಯಾಸಿ ಡೈವರ್‌ಗಳ ಗರಿಷ್ಠ ಆಳದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ, ಅಂದರೆ 40 ಮೀಟರ್. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾಯುಮಂಡಲದಷ್ಟು, ಅಂದರೆ ದಡದಲ್ಲಿ ಗಾಳಿ ಒತ್ತುವಷ್ಟೇ, ಒತ್ತಡ ಸೇರುತ್ತಾ ಹೋಗಿ 40 ಮೀಟರ್‌ನಲ್ಲಿ ದಡದ ಐದು ಪಟ್ಟಾಗುವುದರಿಂದ, ದಡದಲ್ಲಿ ಊದಿದ ಬಲೂನು ಆ ಆಳದಲ್ಲಿ ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ ಎಂದು ಹೇಳಿದರೆ ಮಕ್ಕಳಾದರೂ ಖಂಡಿತ ಕಿವಿಗೊಡುತ್ತಾರೆ.

ನನ್ನ ತಾಯಿಗೆ ಇದಾವುದೂ ಹಿಡಿಸಲಿಲ್ಲ. ಆದರೆ ನೀರು ಮೊದಲು ಕೆಂಪು ಬೆಳಕನ್ನೇ ಹೀರಿಕೊಳ್ಳುವುದರಿಂದ, ಹಣೆಯ ಕುಂಕುಮ ಹತ್ತು ಹದಿನೈದು ಮೀಟರ್ ಆಳದಲ್ಲಿ ಮಂಕಾಗಿ ಕಪ್ಪಗೆ ಕಾಣುತ್ತದೆ, ಟಾರ್ಚ್ ಹಿಡಿದೊಡನೆ ಮತ್ತೆ ಕೆಂಪಾಗುತ್ತದೆ ಎಂದಾಗ ಅವರು ಅಡುಗೆಯ ಕೆಲಸ ಬಿಟ್ಟು ಬಂದು ಎದುರಿಗೆ ಕುಳಿತರು. (ಅಂದಿನ ಸಂತೋಷವನ್ನು ನಾನು ಮರೆತಿಲ್ಲ.)

ಒಂದು ಸಂಗತಿ ಹೇಳಿ ನಿಲ್ಲಿಸಿ, ಅವರ ಪ್ರಶ್ನೆಗಾಗಿ ಕಾಯಿರಿ. ಪ್ರಶ್ನೆ ಬರದಿದ್ದರೆ ಒತ್ತಾಯಿಸದೆ ಅವರ ಹೊಲದ, ಅಂಗಡಿಯ ಸುದ್ದಿಯನ್ನು ಅಷ್ಟೇ ಆಸಕ್ತಿಯಿಂದ ಕೇಳಿ. ಉಳಿದದ್ದನ್ನು ಜೊತೆಗೆ ಮುಳುಗಿದ ಗೆಳೆಯರಿಗಾಗಿ ಇಟ್ಟುಕೊಳ್ಳಿ.